ಸಹಾಯ ಬೇಕು: ಫ್ರಾನ್ಸಿನ ಶಾಲಾ ಕ್ಯಾಂಟೀನು, ಸಸ್ಯಾಹಾರಿ ಮಗು
ಸೆಪ್ಟೆಂಬರಿನಲ್ಲಿ ಮಗಳು ಸಿಪಿ (ಪ್ರಾಥಮಿಕ ಶಾಲೆಯ ಮೊದಲ ವರ್ಷ) ತರಗತಿಗೆ ಸೇರುತ್ತಾಳೆ. ಮೀನು, ಮೊಟ್ಟೆ ಎರಡೂ ತಿನ್ನುವುದಿಲ್ಲ. ಪ್ರಾಥಮಿಕ ಶಾಲೆಯ ಕ್ಯಾಂಟೀನು ಪುರಸಭೆಯ ಕೈಯಲ್ಲಿರುವುದರಿಂದ ನೋಂದಣಿ, ದರ ಎಲ್ಲವೂ ಅಲ್ಲೇ. 2018ರ ಎಗಾಲಿಮ್ ಎಂಬ ಆಹಾರ ಕಾನೂನಿನಿಂದಾಗಿ ವಾರಕ್ಕೊಂದು ಸಸ್ಯಾಹಾರಿ ಊಟ ಕಡ್ಡಾಯವಾಗಿದೆ, ಆದರೆ ಆ ಊಟದಲ್ಲೂ ಮೊಟ್ಟೆ ಇರಬಹುದು. ನೋಂದಣಿಯಲ್ಲಿ ‘ಸಾಂ ವಿಯಾಂಡ್’ (ಮಾಂಸವಿಲ್ಲದ್ದು) ಎಂದು ಗುರುತು ಹಾಕಿದರೆ ಹಲವು ಊರುಗಳಲ್ಲಿ ಮಾಂಸದ ಬದಲು ಮೀನು ಬಡಿಸುತ್ತಾರೆ, ಹೊಸಬರು ದಯವಿಟ್ಟು ಗಮನಿಸಿ. ಮನೆಯಿಂದ ಡಬ್ಬಿ ಕಳಿಸೋಣವೆಂದರೆ ಸಾಮಾನ್ಯವಾಗಿ ಪಿಎಐ (ಮಗುವಿನ ಆರೋಗ್ಯದ ಅಗತ್ಯಗಳಿಗಾಗಿ ಶಾಲೆಯೊಂದಿಗೆ ಮಾಡಿಕೊಳ್ಳುವ ಲಿಖಿತ ಒಪ್ಪಂದ) ಕೇಳುತ್ತಾರೆ. ಅದು ಅಲರ್ಜಿಯಂಥ ವೈದ್ಯಕೀಯ ಕಾರಣಕ್ಕೆ ಮಾತ್ರ.

ನಿಮ್ಮ ಊರಲ್ಲಿ ದಿನವೂ ಸಸ್ಯಾಹಾರದ ಆಯ್ಕೆ ಇದೆಯೇ? ವಾರದ ದಿನಗಳನ್ನು ಮೊದಲೇ ನಿಗದಿ ಮಾಡಿದ ಮೇಲೆ ಸಸ್ಯಾಹಾರದ ದಿನ ಬದಲಾದರೆ, ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಹಣ ಕಡಿತವಾಗುವುದಿಲ್ಲ? ಊರಿನ ಹೆಸರಿನೊಂದಿಗೆ ತಿಳಿಸಿ.