ಜಪಾನಿನಲ್ಲಿ ಟೀಚರ್ ಕೆಲಸ, ಡಿಸೆಂಬರ್ 25ಕ್ಕೆ ರಜೆ ಇಲ್ಲ: ಮಗಳು ಕ್ರಿಸ್ಮಸ್ ಹೇಗೆ ಮಾಡಲಿ?

ವಾನವಡಿ ಅಮ್ಮ (ಪುಣೆ):
ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರು ಕಡೆಯ ಕ್ಯಾಥೊಲಿಕರು, ಈಗ ಪುಣೆಯವರೇ ಆಗಿಬಿಟ್ಟಿದ್ದೇವೆ. ಮಗಳು ಆಗಸ್ಟ್‌ನಲ್ಲಿ ಜಪಾನಿಗೆ ಹೋದಳು. ಸಣ್ಣ ಊರು, ಸರ್ಕಾರಿ ಶಾಲೆ, ಇಂಗ್ಲಿಷ್ ಸಹಾಯಕ ಶಿಕ್ಷಕಿ. ಅಲ್ಲಿ ಕ್ರಿಸ್ಮಸ್‌ಗೆ ರಜೆಯೇ ಇಲ್ಲವಂತೆ! ಆದರೆ ನವೆಂಬರ್‌ನಿಂದಲೇ ಅಂಗಡಿ ತುಂಬ ಸಾಂಟಾ, ದೀಪ, ಹಾಡು. ಶಾಲೆಯವರು ಬೇರೆ "ನೀವು ಇಂಗ್ಲಿಷ್ ಟೀಚರ್ ಅಲ್ವಾ, ಮಕ್ಕಳಿಗೆ ಕ್ರಿಸ್ಮಸ್ ಪಾಠ ಮಾಡಿ" ಎಂದಿದ್ದಾರೆ. ಅವರಿಗೆ ಬೇಕಿರುವುದು ಹಿಮ, ಚಿಮಣಿ, ಟರ್ಕಿ ಕೋಳಿ. ಇವಳಿಗೆ ಗೊತ್ತಿರುವುದು ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಗೋದಲಿ, ಹಬ್ಬದ ತಿಂಡಿಗಳ ಕುಸ್ವಾರ್, ಚರ್ಚಿನಲ್ಲಿ ರಾತ್ರಿಯ ಬಲಿಪೂಜೆ, ಬಾಲ್ಕನಿಯಲ್ಲಿ ತೂಗುವ ನಕ್ಷತ್ರ. ಇಲ್ಲದ್ದನ್ನು ಇದ್ದ ಹಾಗೆ ಹೇಳಬೇಕಾ, 24ರ ರಾತ್ರಿ ಒಬ್ಬಳೇ ಏನು ಮಾಡಲಿ ಅಂತ ಕೇಳುತ್ತಿದ್ದಾಳೆ. ಅಲ್ಲಿ ಇದ್ದು ಬಂದವರು ಹೇಳಿ.

ಕೋಥ್ರೂಡ್ ಗೌಡ (ಪುಣೆ):
ಅಮ್ಮ, ನಾನು ನಾಗೋಯಾ ಹತ್ತಿರ ಕೆಲಸ ಮಾಡಿ ಬಂದವನು. ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರು ಅಷ್ಟೇ, ಹಾಗಾಗಿ ಕ್ರಿಸ್ಮಸ್ ಅಂದರೆ ಪೂಜೆ ಅಲ್ಲ, ಸುಮ್ನೆ ಖುಷಿ. 24ರ ಸಂಜೆ ಪ್ರೇಮಿಗಳು ಜೋಡಿಯಾಗಿ ದೀಪ ನೋಡಲು ಹೋಗುತ್ತಾರೆ, ಮಕ್ಕಳಿರುವ ಮನೆಯಲ್ಲಿ ಸ್ಟ್ರಾಬೆರಿ ಇಟ್ಟ ಕೆನೆ ಕೇಕು. ಜೊತೆಗೆ ಕೆಎಫ್‌ಸಿ ಚಿಕನ್. ನಗಬೇಡಿ, 1974ರಲ್ಲಿ ಕಂಪನಿಯವರು ಶುರು ಮಾಡಿದ ಜಾಹೀರಾತು ಇವತ್ತು ಸಂಪ್ರದಾಯವೇ ಆಗಿದೆ, ವಾರಗಳ ಮುಂಚೆ ಆರ್ಡರ್ ಕೊಡಬೇಕು. 25ರ ರಾತ್ರಿ ಕಳೆಯಿತೋ, ಮರುದಿನ ಕ್ರಿಸ್ಮಸ್ ಮರ ಮಾಯ, ಅದೇ ಜಾಗದಲ್ಲಿ ಬಿದಿರು ಮತ್ತು ಪೈನ್‌ನ ಹೊಸ ವರ್ಷದ ಅಲಂಕಾರ ಕಾದೊಮಾತ್ಸು ಬಂದಿರುತ್ತದೆ!

ನಿಜ ಹೇಳಬೇಕೆಂದರೆ ಒಂಟಿತನ ಹೊಡೆಯುವುದು 24ಕ್ಕಲ್ಲ, ಹೊಸ ವರ್ಷಕ್ಕೆ. ಅವರ ಮನೆ ಹಬ್ಬ ಅದು. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಸರ್ಕಾರಿ ಕಚೇರಿಗಳು ಬಂದ್, ಎಲ್ಲರೂ ಊರಿಗೆ ಹೊರಟುಹೋಗುತ್ತಾರೆ. 31ರ ರಾತ್ರಿ ಸೋಬಾ ಎಂಬ ನೂಡಲ್ಸ್ ತಿನ್ನುತ್ತಾರೆ, ಬೌದ್ಧ ದೇವಾಲಯಗಳಲ್ಲಿ 108 ಸಲ ಗಂಟೆ ಹೊಡೆಯುತ್ತಾರೆ, ಆಮೇಲೆ ವರ್ಷದ ಮೊದಲ ದರ್ಶನಕ್ಕೆ ಸಾಲು. ಸಹೋದ್ಯೋಗಿಗಳು ಮನೆಗೆ ಕರೆದರೆ ಸಂಕೋಚ ಪಡದೆ ಹೋಗಲಿ. ಹೊಸ ವರ್ಷದ ಕಾರ್ಡುಗಳನ್ನು 25ರೊಳಗೆ ಪೋಸ್ಟ್ ಮಾಡಲಿ, ಆಗ ಸರಿಯಾಗಿ ಜನವರಿ 1ಕ್ಕೇ ತಲುಪಿಸುತ್ತಾರೆ. ಶಾಲೆಯವರಿಗೆ ಅದು ತುಂಬಾ ಇಷ್ಟವಾಗುತ್ತದೆ.

ಮಡಗಾಂವ್ ಮಾಸ್ತರ (ಗೋವಾ):
ಪಾಠದ ವಿಷಯಕ್ಕೆ ಬರೋಣ. ಅಮೆರಿಕದ ಕ್ರಿಸ್ಮಸ್ ಯಾಕೆ ಬೇಕು? ಜಪಾನಿಗೆ ಕ್ರೈಸ್ತ ಧರ್ಮ ಹೋಗಿದ್ದೇ ನಮ್ಮ ಗೋವಾದಿಂದ. ಪಾದ್ರಿ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಇಲ್ಲಿಂದ ಹೊರಟು ಆಗಸ್ಟ್ 15ಕ್ಕೆ ಕಾಗೋಶಿಮಾದಲ್ಲಿ ಇಳಿದರು. ಜೊತೆಗೆ ಆಂಜಿರೋ ಎಂಬ ಜಪಾನಿ ಇದ್ದ, ಅವನಿಗೆ ದೀಕ್ಷಾಸ್ನಾನವಾಗಿದ್ದು ಗೋವಾದಲ್ಲೇ. ಝೇವಿಯರ್ ದೇಹ ಹಳೇ ಗೋವಾದ ಬೊಮ್ ಜೀಸಸ್ ಇಗರ್ಜಿಯಲ್ಲಿದೆ. ಜಪಾನಿನ ಮೊದಲ ಕ್ರಿಸ್ಮಸ್ ಅಂತ ಹೇಳುವುದು 1552ರಲ್ಲಿ ಯಾಮಾಗುಚಿಯಲ್ಲಿ ನಡೆದದ್ದನ್ನು. ಆಮೇಲೆ 1614ರಲ್ಲಿ ಧರ್ಮವನ್ನೇ ನಿಷೇಧಿಸಿದರು, ಅದು ಸಡಿಲವಾಗಿದ್ದು 1873ಕ್ಕೆ. ಇಷ್ಟನ್ನೂ ಒಂದು ನಕ್ಷೆ ಹಾಕಿ ತೋರಿಸಿದರೆ ಮಕ್ಕಳು ಮರೆಯಲ್ಲ. ಆದರೆ ಒಂದು ಎಚ್ಚರ, ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದು ಧರ್ಮದ ಬೋಧನೆ ಮಾಡುವಂತಿಲ್ಲ, ಕಾನೂನೇ ಇದೆ. ಚರಿತ್ರೆ, ಅಡುಗೆ, ಅಲಂಕಾರ ಹೇಳಲಿ ಸಾಕು.

ವಸಾಯಿ ಲೋಕಲ್ (ಮುಂಬೈ):
ಮಾಸ್ತರೇ, ಹದಿಮೂರು ವರ್ಷದ ಮಕ್ಕಳಿಗೆ ಇಸವಿ ಹೇಳಿದರೆ ನಿದ್ದೆ ಬರುತ್ತದೆ! ನಕ್ಷತ್ರ ಮಾಡಿಸಲಿ. ಒರಿಗಾಮಿ ಅವರ ಕೈಗೆ ಹೇಗೂ ಬರುತ್ತದೆ, ಬಣ್ಣದ ಕಾಗದ ಸಾಕು. ಮನೆಯ ಫೋಟೋ ತೋರಿಸಿ "ಇದು ಯಾವ ದೇಶದ ಕ್ರಿಸ್ಮಸ್?" ಎಂದು ಕೇಳಲಿ. ಬಾಳೆಗಿಡದ ಪಕ್ಕ ನಕ್ಷತ್ರ ನೋಡಿದರೆ ಅವರೇ ಪ್ರಶ್ನೆ ಶುರು ಮಾಡುತ್ತಾರೆ. ಸಾಂಟಾ ಟೋಪಿ ಹಾಕು ಎಂದರೆ ಹಾಕಲಿ, ಅದರಲ್ಲಿ ಸುಳ್ಳೇನೂ ಇಲ್ಲ.

ಗೋವಾದವರು ಮಾತ್ರ ಹೆಮ್ಮೆ ಪಡಬೇಡಿ ಮತ್ತೆ. 1597ರಲ್ಲಿ ನಾಗಾಸಾಕಿಯಲ್ಲಿ ಶಿಲುಬೆಗೇರಿಸಿದ 26 ಕ್ರೈಸ್ತರಲ್ಲಿ ಗೊನ್ಸಾಲೋ ಗಾರ್ಸಿಯಾ ನಮ್ಮ ವಸಾಯಿಯಲ್ಲಿ ಹುಟ್ಟಿದವರು.

24ರ ರಾತ್ರಿಗೆ: ಹತ್ತಿರದ ಕ್ಯಾಥೊಲಿಕ್ ಇಗರ್ಜಿ ಹುಡುಕಲಿ, ರೈಲಿನಲ್ಲಿ ಹೋಗಬೇಕಾದರೂ ಪರವಾಗಿಲ್ಲ. ಸಣ್ಣ ಊರುಗಳ ಇಗರ್ಜಿಗೆ ಬರುವವರಲ್ಲಿ ಫಿಲಿಪೀನ್ಸ್, ವಿಯೆಟ್ನಾಂ, ಬ್ರೆಜಿಲ್‌ನವರು ಜಾಸ್ತಿ. ಪೂಜೆ ಆದ ಮೇಲೆ ಊಟಕ್ಕೆ ಎಳೆದುಕೊಂಡು ಹೋಗುತ್ತಾರೆ. ಆದರೆ ಪೂಜೆಯ ಹೊತ್ತು ಫೋನ್ ಮಾಡಿ ಕೇಳಿಕೊಳ್ಳಲಿ, ಎಷ್ಟೋ ಕಡೆ ಮಧ್ಯರಾತ್ರಿ ಅಲ್ಲ, ಸಂಜೆಯೇ ಮುಗಿಸಿಬಿಡುತ್ತಾರೆ.

ವಾನವಡಿ ಅಮ್ಮ (ಪುಣೆ):
ಎಲ್ಲರಿಗೂ ಥ್ಯಾಂಕ್ಸ್. ನಕ್ಷತ್ರದ ಐಡಿಯಾ ಕೇಳಿ ಕುಣಿದಾಡುತ್ತಿದ್ದಾಳೆ. 25ಕ್ಕೆ ತನ್ನ ರಜೆ ಹಾಕುತ್ತಾಳಂತೆ. ಮಾಸ್ತರ ನಕ್ಷೆಯೂ ಇರಲಿ, ಐದು ನಿಮಿಷ ಮಾತ್ರ. ನಾನು ಕುಸ್ವಾರ್ ಪಾರ್ಸೆಲ್ ಕಳಿಸಬೇಕು ಅಂತಿದ್ದೇನೆ, ಏನೆಲ್ಲ ಹಾಕಬಹುದು?

ಕೋಥ್ರೂಡ್ ಗೌಡ (ಪುಣೆ):
ನೆವ್ರಿ, ಚಕ್ಕುಲಿ, ಕಲ್ಕಲ್ ಧಾರಾಳವಾಗಿ ಹಾಕಿ. ಟೀಚರ್ಸ್ ರೂಮಿನಲ್ಲಿ ಹಂಚಲು ಒಂದೊಂದನ್ನೇ ಬೇರೆ ಪ್ಯಾಕ್ ಮಾಡಿ, ಅಲ್ಲಿ ಹಾಗೇ ರೂಢಿ. ಒಳಗೇನಿದೆ ಎಂದು ಪಟ್ಟಿಯನ್ನು ಸರಿಯಾಗಿ ಬರೆಯಿರಿ. ಮಾಂಸದ್ದು ಏನೂ ಬೇಡ, ಜಪಾನ್ ಬಿಡುವುದಿಲ್ಲ. ಮಡಗಾಂವ್ ಮಾಸ್ತರರು ಎಷ್ಟೇ ಹೇಳಿದರೂ ಗೋವಾದ ಹಂದಿಮಾಂಸದ ಸಾಸೇಜ್ ಚೋರಿಸ್ ಹಾಕಬೇಡಿ.