ಅಂಗಳದ ನಲ್ಲಿ ಸೋರುತ್ತಿದೆ, ನಾವೇ ಬದಲಾಯಿಸಬಹುದಾ?

ಪ್ರಶ್ನೆ: ಅಣ್ಣಾ, ನಮ್ಮದು ಹಾಸನ. ಗಿಡಕ್ಕೆ ನೀರು ಹಾಕುವ ಅಂಗಳದ ನಲ್ಲಿ ಎಷ್ಟು ಬಿಗಿಯಾಗಿ ತಿರುಗಿಸಿದರೂ ತೊಟ್ಟಿಕ್ಕುತ್ತದೆ. ರಾತ್ರಿ ಬಕೆಟ್ ಇಟ್ಟರೆ ಬೆಳಗ್ಗೆ ಅರ್ಧ ತುಂಬಿರುತ್ತದೆ. ನಮ್ಮವರು ಜೋರಾಗಿ ತಿರುಗಿಸಿದ ಮೇಲೆ ನಲ್ಲಿಯ ಹಿಂದೆ, ಪೈಪಿಗೆ ಸೇರುವ ಕಡೆಯೂ ಜಿನುಗುತ್ತಿದೆ. ಹಿತ್ತಾಳೆ ನಲ್ಲಿ, ಗೋಡೆಯ ಹೊರಗೇ ಇರುವ ಪ್ಲಾಸ್ಟಿಕ್ ಪೈಪು, ಬೋರ್ ನೀರು. ಪ್ಲಂಬರ್ ಇವತ್ತು ನಾಳೆ ಅಂತ ಎರಡು ವಾರ ಆಯಿತು.

ಉತ್ತರ: ನೀವೇ ಮಾಡಬಹುದು ಅಕ್ಕ. ಇಲ್ಲಿ ಎರಡು ಸೋರಿಕೆ ಇದೆ. ಬಾಯಿಂದ ತೊಟ್ಟಿಕ್ಕುತ್ತಿರುವುದು ಒಳಗಿನ ವಾಶರ್ ಸವೆದಿದ್ದಕ್ಕೆ. ಜೋರಾಗಿ ತಿರುಗಿಸಿದಷ್ಟೂ ರಬ್ಬರ್ ಇನ್ನೂ ಹಾಳು. ಅಷ್ಟೇ ಆಗಿದ್ದರೆ ವಾಶರ್ ಮಾತ್ರ ಹಾಕಿ ಅಂತಿದ್ದೆ. ಹಿಂದೆಯೂ ಜಿನುಗುತ್ತಿದೆ ಅಂದರೆ ಹೇಗೂ ಬಿಚ್ಚಬೇಕು, ಹೊಸದನ್ನೇ ಹಾಕಿಬಿಡಿ. ಮನೆಗಳಲ್ಲಿ ಸಾಮಾನ್ಯವಾಗಿ ಅರ್ಧ ಇಂಚು, ಅಂದರೆ 15 ಎಂ.ಎಂ. ನಲ್ಲಿ. ಗಿಡದ ಪೈಪು ಸಿಕ್ಕಿಸುವ ಮೂತಿ ಇರುವುದನ್ನೇ ಕೇಳಿ.

ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹರಿದು ಹೋಗಲಿ. ಮುಖ್ಯ ವಿಷಯ ಮುಂದಿನದು. ಒಂದು ಪೈಪ್ ರೆಂಚಿನಲ್ಲಿ ಎಲ್ಬೋ (ಪೈಪಿನ ತುದಿಯಲ್ಲಿ ನಲ್ಲಿ ಕೂರುವ ಬಾಗಿದ ತುಂಡು) ಅಲುಗಾಡದಂತೆ ಹಿಡಿದು, ಇನ್ನೊಂದು ಸ್ಪ್ಯಾನರ್‌ನಲ್ಲಿ ನಲ್ಲಿಯನ್ನು ಬಿಚ್ಚಿ. ಕೆಲಸ ಕಲಿಯುವಾಗ ನಾನು ಒಂದೇ ಸ್ಪ್ಯಾನರ್ ಹಾಕಿ ಎಳೆದೆ. ಎಲ್ಬೋ ಲಟಕ್ ಅಂತ ಮುರಿಯಿತು, ಮೇಸ್ತ್ರಿ ಹತ್ತಿರ ಚೆನ್ನಾಗಿ ಬೈಸಿಕೊಂಡೆ.

ಎಲ್ಬೋ ಒಳಗಿನ ಹಳೇ ಟೇಪಿನ ಚೂರನ್ನು ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ತೆಗೆಯಿರಿ. ಹೊಸ ನಲ್ಲಿಯ ಥ್ರೆಡ್ ನಿಮ್ಮ ಮುಖದ ಕಡೆ ಇರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೆಫ್ಲಾನ್ ಟೇಪನ್ನು ಎಳೆದೆಳೆದು 10-12 ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ಕೂರಿಸುವಾಗ ಎದ್ದು ಬರುತ್ತದೆ. ಆಗುವಷ್ಟು ಕೈಯಲ್ಲೇ ತಿರುಗಿಸಿ, ಕೊನೆಗೆ ಮಾತ್ರ ಸ್ಪ್ಯಾನರ್.

ಪ್ರಶ್ನೆ: ಹಾಕಿದೆವು ಅಣ್ಣಾ. ಬಿಗಿಯಾದಾಗ ನಲ್ಲಿಯ ಮೂತಿ ಪಕ್ಕಕ್ಕೆ ತಿರುಗಿತ್ತು. ಸ್ವಲ್ಪ ಹಿಂದಕ್ಕೆ ತಿರುಗಿಸಿ ನೇರ ಮಾಡಿದೆವು. ಈಗ ಮತ್ತೆ ಸಣ್ಣಗೆ ಒದ್ದೆ.

ಉತ್ತರ: ಆ ಹಿಂದಕ್ಕೆ ತಿರುಗಿಸಿದ್ದೇ ಎಡವಟ್ಟು. ಬಿಗಿಯಾಗಿ ಕೂತಿದ್ದ ಟೇಪು ಸಡಿಲ ಆಯಿತು, ಅಲ್ವಾ? ಬಿಚ್ಚಿ, ಆ ಟೇಪು ಪೂರ್ತಿ ತೆಗೆದು, ಹೊಸದನ್ನು ಎರಡು ಮೂರು ಸುತ್ತು ಜಾಸ್ತಿ ಸುತ್ತಿ. ಆಗ ಬೇಗ ಬಿಗಿಯಾಗುತ್ತದೆ, ಮೂತಿ ಕೆಳಗೆ ಬಂದಾಗ ನಿಲ್ಲಿಸಿ. ವಾಲ್ವ್ ತೆರೆದ ಮೇಲೆ ಜಾಯಿಂಟಿಗೆ ಒಣ ಪೇಪರ್ ಸುತ್ತಿ ಅರ್ಧ ಗಂಟೆ ಬಿಡಿ. ಆಗಲೂ ಪೇಪರ್ ನೆನೆದರೆ ಎಲ್ಬೋ ಬಿರುಕು ಬಿಟ್ಟಿರಬಹುದು. ಸುಮ್ನೆ ಎಂ-ಸೀಲ್ ಮೆತ್ತಬೇಡಿ, ಫೋಟೋ ಹಾಕಿ.

ಪ್ರಶ್ನೆ ಕೇಳಿದವರು: ಪೇಪರ್ ಒಣಗೇ ಇದೆ ಅಣ್ಣಾ. ನಲ್ಲಿ ನಿಲ್ಲಿಸುವಾಗ ಎರಡೇ ಬೆರಳು ಅಂತ ನಮ್ಮವರಿಗೆ ಹೇಳಿಟ್ಟಿದ್ದೇನೆ.