ಡಿಐವೈ ಕಂಪ್ರೆಸರ್‌ನ ಎಲ್‌ಇಡಿ ಮೀಟರ್ ಸುಳ್ಳು ಹೇಳ್ತಿದೆ, ಕ್ಯಾಲಿಬ್ರೇಟ್ ಮಾಡೋದ್ ಹೇಗೆ?

ತಂತಿ_ತಿಮ್ಮ:
ಎಲ್ಲರಿಗೂ ನಮಸ್ಕಾರ. ಮನೇಲಿ ಹಾಡು ರೆಕಾರ್ಡ್ ಮಾಡೋಕೆ ಅಂತ ಥ್ಯಾಟ್ 2180 ವಿಸಿಎ (ವೋಲ್ಟೇಜ್ ಕೊಟ್ಟು ಸೌಂಡ್ ಏರಿಳಿಸೋ ಐಸಿ) ಹಾಕಿ ಒಂದು ಕಂಪ್ರೆಸರ್ (ಜೋರಾದ ಸೌಂಡನ್ನ ತಾನೇ ತಗ್ಗಿಸೋ ಡಬ್ಬಿ) ಕಟ್ಟಿದೀನಿ. ಹಮ್ ಇಲ್ಲ, ಸೌಂಡ್ ಚೆನ್ನಾಗಿದೆ, ಅಲ್ಲಿಗೇ ಸುಮ್ನಿರಬೇಕಿತ್ತು, ಆದ್ರೆ ಮುಂದೆ ಲೈಟ್ ಕುಣೀಲಿ ಅನ್ನೋ ಆಸೆಗೆ ಬೆಂಗಳೂರಿನ ಎಸ್‌ಪಿ ರೋಡಿಂದ ಎಲ್‌ಎಂ3915 (ವೋಲ್ಟೇಜ್ ಏರಿದ ಹಾಗೆ ಒಂದೊಂದೇ ಎಲ್‌ಇಡಿ ಹತ್ತಿಸೋ ಐಸಿ) ತಂದು ಹತ್ತು ಎಲ್‌ಇಡಿ ಜೋಡಿಸ್ದೆ. ವಿಸಿಎಗೆ ಹೋಗೋ ಕಂಟ್ರೋಲ್ ವೋಲ್ಟೇಜನ್ನ ಆಪ್‌ಆಂಪಲ್ಲಿ (ಆಂಪ್ಲಿಫೈಯರ್ ಐಸಿ) ಹತ್ತು ಪಟ್ಟು ಮಾಡಿ ಕೊಟ್ಟಿದೀನಿ. 20 ಡಿಬಿ (ಡೆಸಿಬೆಲ್) ಕಂಪ್ರೆಷನ್‌ಗೆ, ಅಂದ್ರೆ ಸೌಂಡ್ ಅಷ್ಟು ತಗ್ಗಿದಾಗ, ಹತ್ತೂ ಎಲ್‌ಇಡಿ ಹತ್ತೋ ಹಾಗೆ ಟ್ರಿಮ್‌ಪಾಟ್ (ಸಣ್ಣ ಸ್ಕ್ರೂ ನಾಬ್) ತಿರುಗಿಸಿಟ್ರೆ, ಬರೀ 4 ಡಿಬಿಗೇ ಐದು ಎಲ್‌ಇಡಿ ಹತ್ಕೊಳತ್ತೆ! ನಡೂಗೆ ಸರಿ ಮಾಡಿದ್ರೆ ತುದಿ ತಪ್ಪತ್ತೆ. ಎರಡು ರಾತ್ರಿ ಹೋಯ್ತು. ಐಸಿ ಡೂಪ್ಲಿಕೇಟಾ?

ಸೋಲ್ಡರ್_ಸೀನ:
ಐಸಿ ಪಾಪ ಸರಿಯಾಗೇ ಇದೆ ಗುರು, ನೀನು ತಂದಿರೋ ನಂಬರ್ ಬೇರೆ. 2180 ಕಂಟ್ರೋಲ್ ಪಿನ್‌ನಲ್ಲಿ ಒಂದೊಂದು ಡಿಬಿಗೂ ಸುಮಾರು 6.1 ಮಿಲಿವೋಲ್ಟ್, ಅಂದ್ರೆ ಆ ವೋಲ್ಟೇಜು ಆಗ್ಲೇ ಡಿಬಿ ಲೆಕ್ಕದಲ್ಲೇ ಇದೆ. 3915 ಒಳಗೆ ಮತ್ತೆ 3 ಡಿಬಿ ಮೆಟ್ಟಿಲು, ಅಂದ್ರೆ ಇನ್ನೊಂದ್ಸಲ ಡಿಬಿ ಲೆಕ್ಕ. ಹಾಲಿಗೆ ಒಂದ್ಸಲ ಸಕ್ಕರೆ ಹಾಕಿದ್ಮೇಲೆ ಅಮ್ಮ ಬಂದು ಇನ್ನೊಂದ್ಸಲ ಹಾಕಿದ ಹಾಗೆ. ನಿಂಗೆ ಬೇಕಿರೋದು 3914, ಮೆಟ್ಟಿಲೆಲ್ಲ ಸಮ ಇರೋದು, ಪಿನ್ನೂ ಅವೇ, ಸಾಕೆಟ್‌ನಲ್ಲಿ ಕಿತ್ತು ಹಾಕು ಅಷ್ಟೇ. 20 ಡಿಬಿಗೆ 122 ಮಿಲಿವೋಲ್ಟ್, ಅದರ ಹತ್ತು ಪಟ್ಟು ಮತ್ತೆ ಒಂಚೂರು ಜಾಸ್ತಿ ಅಂದ್ರೆ 1.25 ವೋಲ್ಟ್, ಆ ಐಸಿಯ ರೆಫರೆನ್ಸೂ ಅಷ್ಟೇ. ಎಲ್‌ಇಡಿಗೆ 2 ಡಿಬಿ.

ಕ್ಯಾಲಿಬ್ರೇಟ್ ಮಾಡೋಕೆ ಮುಂಚೆ ಇಪ್ಪತ್ತು ನಿಮಿಷ ಆನ್ ಮಾಡಿಟ್ಟು ಕಾಫಿ ಕುಡ್ಕೊಂಡ್ ಬಾ, ವಿಸಿಎ ಬಿಸಿ ಆದಷ್ಟೂ ಆ 6.1 ಜರುಗತ್ತೆ, ಡಿಗ್ರಿಗೆ 0.33 ಪರ್ಸೆಂಟ್. ಮೇಕಪ್ (ತಗ್ಗಿದ ಸೌಂಡನ್ನ ಮತ್ತೆ ಏರಿಸೋ ನಾಬ್) ಸೊನ್ನೆ, ರೇಶಿಯೋ (ಎಷ್ಟು ಒತ್ತಬೇಕು ಅನ್ನೋ ನಾಬ್) ಫುಲ್. 1 ಕಿಲೋಹರ್ಟ್ಸ್ ಟೋನು ಆಡಿಯೋ ಇಂಟರ್‌ಫೇಸಿಂದ (ಕಂಪ್ಯೂಟರ್‌ಗೆ ಸೌಂಡ್ ಒಳಗೆ ಹೊರಗೆ ಮಾಡೋ ಡಬ್ಬಿ) ಕಂಪ್ರೆಸರ್‌ಗೆ ಬಿಟ್ಟು ವಾಪಸ್ ಅದಕ್ಕೇ ತಗೋ. ಅಗ್ಗದ ಹಳದಿ ಮಲ್ಟಿಮೀಟರ್ ನಂಬ್ಬೇಡ, ಅದರಲ್ಲಿ ಎಸಿ ರೇಂಜ್ ಶುರುವಾಗೋದೇ 200 ವೋಲ್ಟಿಂದ. ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಮೀಟರ್ ಸಾಕು. ಥ್ರೆಶೋಲ್ಡ್ (ಯಾವ ಲೆವೆಲ್ ದಾಟಿದ್ರೆ ಒತ್ತೋದು ಅನ್ನೋ ನಾಬ್) ಮೇಲಿಟ್ಟಾಗ ಲೆವೆಲ್ ಎಷ್ಟಿತ್ತು ನೋಡ್ಕೊ, ಆಮೇಲೆ ನಿಧಾನಕ್ಕೆ ಇಳಿಸ್ತಾ ಲೆವೆಲ್ 2 ಡಿಬಿ ಬಿದ್ದಾಗ ಮೊದಲ್ನೇದು ಹತ್ಬೇಕು (ಝೀರೋ ಟ್ರಿಮ್), 20 ಬಿದ್ದಾಗ ಹತ್ತನೇದು (ಸ್ಪ್ಯಾನ್ ಟ್ರಿಮ್). ಒಂದನ್ನ ತಿರುಗಿಸಿದ್ರೆ ಇನ್ನೊಂದು ಸ್ವಲ್ಪ ಕದಲತ್ತೆ, ಮೂರು ಸುತ್ತು ಮಾಡು.

ಹುಬ್ಬಳ್ಳಿ_ಹಮ್:
ಸೀನಣ್ಣ ಹೇಳಿದ್ದು ಖರೇ ಐತಿ, ಆದ್ರ ನಾ ಆಗಿದ್ರ 3915ನ್ನ ತಗಿತಿದ್ದಿಲ್ಲ ನೋಡ್ರಿ. ಈಗಿನ ಸೆಟ್ಟಿಂಗಿನ್ಯಾಗ ಮ್ಯಾಲಿನ ಎಲ್‌ಇಡಿಯಿಂದ ಎಷ್ಟೆಷ್ಟು ಡಿಬಿಗೆ ಹತ್ತತಾವ ಲೆಕ್ಕ ಹಾಕ್ರಿ: 20, 14, 10, 7, 5, 3.5, 2.5, 1.8, ಆಮ್ಯಾಲ ಹೆಚ್ಚೂಕಮ್ಮಿ 1.2, 0.9. ಹಾಡಿಗೆ ನಾವು ಒತ್ತೋದ ಮೂರ್ನಾಕು ಡಿಬಿ, ಅಲ್ಲೇ ಹೆಚ್ಚು ಲೈಟ್ ಇದ್ರ ಚಲೋ ಅಲ್ಲೇನ್ರಿ? ಐಸಿ ಬದ್ಲಿ ಸ್ಕೇಲ್ ಬದಲಿ ಮಾಡ್ರಿ. ಒಂದ ಮಾತು, ಅಷ್ಟು ಸಣ್ಣ ವೋಲ್ಟೇಜಿನ್ಯಾಗ ಆಪ್‌ಆಂಪಿನ ಆಫ್‌ಸೆಟ್ಟೂ (ಇನ್‌ಪುಟ್ ಸೊನ್ನೆ ಇದ್ರೂ ಬರೋ ಸಣ್ಣ ವೋಲ್ಟೇಜ್) ಕಾಡತೈತಿ, ಝೀರೋ ಟ್ರಿಮ್ ಬಿಗಿ ಮಾಡ್ಕೋರಿ.

ಮತ್ತ ಎಲ್‌ಇಡಿಗೆ 12 ವೋಲ್ಟ್ ಕೊಟ್ಟೀರೇನು? ಬಾರ್ ಮೋಡಿನ್ಯಾಗ (ಕೆಳಗಿಂದ ಸಾಲಾಗಿ ಹತ್ತೋದು) ಹತ್ತೂ ಹತ್ತಿದ್ರ 100 ಮಿಲಿಆಂಪ್, ಐಸಿ ಮ್ಯಾಲ ಒಂದು ವ್ಯಾಟ್ ಬೀಳತೈತಿ, ಬೆರಳಿಟ್ರ ಸುಡತೈತಿ. 5 ವೋಲ್ಟ್ ಕೊಡ್ರಿ. ಅದರ ಗ್ರೌಂಡ್ ವೈರು ಆಡಿಯೋ ಗ್ರೌಂಡ್ ಜೋಡಿ ಕೂಡಿಸಬ್ಯಾಡ್ರಿ, ಸೀದಾ ಪವರ್ ಸಪ್ಲೈಗೆ ಹೋಗ್ಲಿ, ಇಲ್ಲಾಂದ್ರ ಪ್ರತಿ ಲೈಟಿಗೂ ಹಾಡಿನ್ಯಾಗ ಟಿಕ್ ಟಿಕ್.

ತಂತಿ_ತಿಮ್ಮ:
ಅಯ್ಯೋ ಆ ಟಿಕ್ ಟಿಕ್ ನಂಗೂ ಬರ್ತಿತ್ತು, ಮೈಕ್ ಅಂದ್ಕೊಂಡು ಕೇಬಲ್ ಎಲ್ಲಾ ಬದಲಾಯಿಸಿದ್ದೆ 😅 ಗ್ರೌಂಡ್ ಬೇರೆ ಮಾಡ್ದೆ, ಹೋಯ್ತು. ಇವತ್ತು ಭಾನುವಾರ, 3914 ಸಿಗಲ್ಲ, ಹುಬ್ಬಳ್ಳಿ ಸರ್ ಲೆಕ್ಕಾನೇ ಪೇಪರಲ್ಲಿ ಬರೆದು ಅಂಟಿಸಿದೀನಿ. ಚೆಕ್ ಮಾಡ್ದೆ, 10ಕ್ಕೆ ಸರಿಯಾಗಿ ಎಂಟನೇದು ಹತ್ತಿತು. ಇನ್ನೊಂದು ಕಾಟ: ಮೇಕಪ್ ನಾಬ್ ಏರಿಸಿದ್ರೆ ಲೈಟ್ ಇಳಿಯತ್ತೆ?

ಸೋಲ್ಡರ್_ಸೀನ:
ಮೇಕಪ್ ವೋಲ್ಟೇಜೂ ಅದೇ ಪಿನ್‌ಗೆ ಸೇರ್ತಿದೆ, ನೀನು ಅದು ಸೇರಿದ್ಮೇಲೆ ಮೀಟರ್‌ಗೆ ವೈರ್ ತಗೊಂಡಿದೀಯ. ಅವೆರಡನ್ನೂ ಕೂಡಿಸೋ (ಸಮ್ಮಿಂಗ್) ಆಪ್‌ಆಂಪಿಗಿಂತ ಮುಂಚೆ ತಗೋ. ಅಲ್ಲಿ ಪೊಲಾರಿಟಿ ಉಲ್ಟಾ ಇರಬಹುದು, ವೋಲ್ಟೇಜೂ ಬೇರೆ ಇರತ್ತೆ, ಟ್ರಿಮ್ಮು ಮತ್ತೆ ಮೊದಲಿಂದ.

ತಂತಿ_ತಿಮ್ಮ:
ಪೇಪರ್ ಈಗಷ್ಟೇ ಅಂಟಿಸಿದ್ದೆ ಮಾರಾಯ 🙏